ಸುಂಕದವನ ಕಿವಿ

ಮಸೆಸೆಯ ದೋಣಿಕಟ್ಟೆಯಲ್ಲಿ
ಬೆಳಗಿನ ಐದಕ್ಕೆ, ಒಲೆ ಹೊತ್ತಿಸುವ ಮೊದಲು
ನಂಗೋಬಿ ತೆರುತ್ತಾಳೆ ಇನ್ನೂರು ಶಿಲ್ಲಿಂಗ್.
ಎರಡು ಬಾಳೆಹಣ್ಣಿನ ವಡೆಯ ದುಡ್ಡು.
ಆಮೇಲೆ ಫೋನಿನ ಬಾಯಿಬೀಗ ಬಿಚ್ಚುತ್ತದೆ,
ಬುವುಮಾ ದ್ವೀಪದಿಂದ ಕಿರುಂಡನ ದನಿ,
ಹಿಂದೆ ಗಾಳಿ, ಗಾಳಿಯ ಹಿಂದೆ ಯಾರದೋ ಕೆಮ್ಮು:
‘ಅಕ್ಕಾ, ರಾತ್ರಿಯೆಲ್ಲ ಬೆಳುದಿಂಗಳು.
ದೀಪಕ್ಕೆ ಮೀನು ಮರುಳಾಗಲಿಲ್ಲ.
ಆರೇ ಬೇಸಿನ್.’

ಸುಂಕದವನ ಮುಂದೆ ಸುಖದುಃಖ ಹೇಳಬೇಡ
ಅನ್ನುತ್ತದೆ ಗಾದೆ.
ಸುಖದುಃಖ ಹೇಳಿಕೊಳ್ಳುವುದಕ್ಕೇ ಸುಂಕ,
ಅದೂ ದಿನಗೂಲಿಯ ಲೆಕ್ಕದಲ್ಲಿ,
ಎಂಬುದು ಪಾಪ ಗಾದೆಗೆ ಹೊಳೆದಿರಲಿಲ್ಲ.

ದೇಶದಲ್ಲಿ ಹರಟೆ ಜಾಸ್ತಿಯಾಯಿತು, ಅಂದರು ಮೇಲಿನವರು.
ಆರು ಬೇಸಿನ್ ಮುಕೆನೆ ಮೀನು: ಹರಟೆ.
ತಂಗಿಯ ಕೂಸಿಗೆ ಜ್ವರ ಇಳಿದದ್ದು: ಹರಟೆ.
ಪೊಲೀಸರು ಯಾರ ಗಾಡಿ ಎಳೆದೊಯ್ದರು,
ಯಾವ ಸಾಹೇಬರ ಮನೆಗೆ ಮೂರನೆಯ ಮಹಡಿ ಬಂತು,
ಅದು ಮಾತ್ರ ನಿಜಕ್ಕೂ ಹರಟೆ,
ಅದಕ್ಕೆ ಇನ್ನೂರು ಕೊಟ್ಟರೂ ಮೋಸವಿಲ್ಲ.

ಬೋಡಾ ಬೈಕಿನ ವೈಸ್ವಾ ಒಂದು ಕಳ್ಳದಾರಿ ಕಲಿಸಿದ.
ಪರದೆಯ ಮೂಲೆಯಲ್ಲೊಂದು ಪುಟ್ಟ ಕೀಲಿಕೈ,
‘ಒತ್ತು ಅಕ್ಕಾ. ಈಗ ನೀನು ಫಿನ್ಲೆಂಡಿನಲ್ಲಿದ್ದೀಯ.’
ಟೊಮೆಟೊ ಮಾರುವ ಮುತೇಸಿ ಹಾಲೆಂಡಿಗೆ ಹೋದಳು,
ಇದ್ದಿಲಿನ ಮುದುಕ ಕೆನಡಾಕ್ಕೆ.
ಎಲ್ಲರೂ ಅವರವರ ಪರದೇಶದಿಂದಲೇ
ಪಕ್ಕದ ಮಣೆಯವರಿಗೆ ನಮಸ್ಕಾರ ಕಳಿಸಿದರು.
ಮೀನಿನ ಪೊರೆ ಮೆತ್ತಿದ ಅವಳ ಫೋನು
ಹಿಮದ ಬೂಟು ಕೊಳ್ಳೆಂದು ದಿನಾ ಪೀಡಿಸಿತು.
ಕದ್ದು ಓಡುವವನಿಗೆ ಹಸಿವು ಹೆಚ್ಚು;
ವಾರದ ಡೇಟಾ ನಾಲ್ಕೇ ದಿನಕ್ಕೆ ಖಾಲಿ.

ಜನವರಿಯಲ್ಲಿ ಚುನಾವಣೆ.
ಹಿಂದಿನ ಸಂಜೆ ಏಳರ ಸುಮಾರಿಗೆ
ಫೋನುಗಳೆಲ್ಲ ಕನ್ನಡಿಯಾದವು.
ಕೀಲಿಕೈ ಒತ್ತಿದರು, ಒತ್ತಿದರು,
ಫಿನ್ಲೆಂಡೂ ಇಲ್ಲ.
ಮೊಬೈಲಿನೊಳಗಿನ ದುಡ್ಡು
ಬಾವಿಗೆ ಬಿದ್ದ ಕೊಡದ ಹಾಗೆ:
ಇದೆ, ಎತ್ತಲು ಹಗ್ಗವಿಲ್ಲ.
ಸಾಲ ಬರೆದುಕೊಳ್ಳಲು ಮಗಳ ಶಾಲೆಯ ಪುಸ್ತಕ ಹರಿದಳು.

ಮೂರನೆಯ ದಿನ ಬಂದ ಅದ್ರಿಕೊ,
ಮಾರುಕಟ್ಟೆಯ ಸುಂಕ ವಸೂಲಿಯವನು.
ರಸೀದಿ ಪುಸ್ತಕ ಕಂಕುಳಲ್ಲೇ ಇತ್ತು, ತೆಗೆಯಲಿಲ್ಲ.
ಬೋರಲು ಹಾಕಿದ ಬೇಸಿನ್ ಮೇಲೆ ಕೂತ.
ದೂರದ ಅರುವಾದಲ್ಲಿ ಹೆಂಡತಿ ಹೆತ್ತಿದ್ದಾಳೆ, ಹೆಣ್ಣು ಮಗು.
ಮಾತು ಹೋಗುತ್ತದೆ, ಚಿತ್ರ ಬರುವುದಿಲ್ಲ.
ಆಸ್ಪತ್ರೆಗೆ ದುಡ್ಡೂ ಹೋಗುವುದಿಲ್ಲ.
‘ಕಿವಿ ನನ್ನವೇ ಅಂತೆ,’ ಅಂದ,
ತನ್ನ ಕಿವಿಯ ಅಂಚು ಮುಟ್ಟಿ ಮುಟ್ಟಿ ತೋರಿಸಿದ,
ಇಲ್ಲಿ ಮಡಿಕೆ, ಇಲ್ಲಿ ಚೂಪು,
ನೋಡದ ಮಗುವಿನ ನಕ್ಷೆಯನ್ನು
ತನ್ನ ಮುಖದ ಮೇಲೆಯೇ ಬರೆಯುವವನಂತೆ.

ಮಸೆಸೆಯಲ್ಲಿ ಅವನ ಮಾತು ಹೀಗೆ ಯಾರೂ ಕೇಳಿರಲಿಲ್ಲ.
ಮುತೇಸಿ ಟೊಮೆಟೊ ಒರೆಸುವುದು ನಿಲ್ಲಿಸಿದಳು.
ನಂಗೋಬಿ ಪೂರ್ತಿ ಕೇಳಿಸಿಕೊಂಡಳು.
ಅವನು ಎರಡು ಡಬ್ಬಿ ಮುಕೆನೆ ಕೊಂಡ,
ಅವಳು ಬೆಲೆಗೆ ಇನ್ನೂರು ಸೇರಿಸಿ ಹೇಳಿದಳು.

ಐದು ದಿನ ಕಳೆದು ಬೆಳಕು ಬಂದಾಗ
ಅವನು ಓಡೋಡಿ ಬಂದು ಫೋನು ಚಾಚಿದ.
ಟವೆಲಿನಲ್ಲಿ ಸುತ್ತಿದ ಕೆಂಪು ಮುದ್ದೆ,
ಎರಡು ಸಣ್ಣ ಗುಂಡು ಕಿವಿ.
ಅವನವಲ್ಲ.
‘ಅಚ್ಚೊತ್ತಿದ ಹಾಗಿವೆ,’ ಅಂದಳು ನಂಗೋಬಿ.

ಜುಲೈಯಲ್ಲಿ ದಿನದ ಇನ್ನೂರು ರದ್ದಾಯಿತು.
ಕುಣಿಯಬೇಡಿ, ಅಂದ ವೈಸ್ವಾ, ಡೇಟಾದ ಬೆಲೆಗೇ
ನೂರಕ್ಕೆ ಹನ್ನೆರಡು ಕಲಸಿದ್ದಾರೆ;
ಸುಂಕದ ಗೇಟು ಕಿತ್ತು ಅದೇ ಕಲ್ಲು
ರಸ್ತೆಗೆ ಹಾಸಿದ ಹಾಗೆ.
ಫಿನ್ಲೆಂಡಿನಲ್ಲೂ ಈಗ ತಪ್ಪಿಸಿಕೊಳ್ಳಲಾಗದು.

ಅದ್ರಿಕೊ ತಿಂಗಳ ವಸೂಲಿಗೆ ಬಂದ.
ಮಗುವಿಗೆ ಎರಡು ಹಲ್ಲು, ಚಿತ್ರ ತೋರಿಸಿದ,
ಮೀನಿನ ಕೈ ಒರೆಸಿಕೊಂಡು ಅವಳು ನೋಡಿದಳು,
ನಕ್ಕರು ಇಬ್ಬರೂ.
ರಸೀದಿ ಮಾತ್ರ
ಪೂರ್ತಿ ಮೊತ್ತಕ್ಕೇ ಹರಿದ.